ಹಾಯಿ ಹರಿದಿದೆಯಾ? ಸೂಜಿ ಹಿಡಿಯುವ ಮೊದಲು ಇಷ್ಟು ನೋಡಿ

ಜುಲೈ ತಿಂಗಳ ಒಂದು ಭಾನುವಾರ. ಕೆಆರ್‌ಎಸ್ ಹಿನ್ನೀರಿನಲ್ಲಿ ಪಡುವಣ ಗಾಳಿ ಜೋರಾಗಿತ್ತು. ದೋಣಿ ತಿರುಗಿಸುವಾಗ ‘ಚರ್ರ್’ ಅಂತ ಸದ್ದು ಬಂತು. ತಲೆ ಎತ್ತಿ ನೋಡಿದರೆ ಹಾಯಿ ಹಿಂಬದಿಯ ಅಂಚಿನಿಂದ ಒಳಕ್ಕೆ ಒಂದು ಅಡಿ ಹರಿದಿತ್ತು. ಹೇಗೋ ದಂಡೆ ಸೇರಿದೆ. ಸಂಜೆ ಮೈಸೂರಿಗೆ ಬಂದು ನಮ್ಮ ಬೀದಿಯ ಟೈಲರ್ ಹತ್ತಿರ ಕೊಟ್ಟೆ. ಅವರು ಅಂಗಿ ಹೊಲಿಯುವಷ್ಟೇ ನಾಜೂಕಾಗಿ, ಸಣ್ಣ ಸಣ್ಣ ಹೊಲಿಗೆ ಹಾಕಿ ಕೊಟ್ಟರು. ಮುಂದಿನ ಭಾನುವಾರ ಅದೇ ಹೊಲಿಗೆಯ ಗೆರೆಯಲ್ಲಿ, ಅಂಚೆಚೀಟಿ ಹರಿದ ಹಾಗೆ, ಎರಡು ಅಡಿ ಹರಿಯಿತು.

ಅವತ್ತು ಅಕ್ಕಪಕ್ಕದ ದೋಣಿಯವರೆಲ್ಲ ಸೇರಿಕೊಂಡರು. ಅವರಲ್ಲಿ ಒಬ್ಬ ಹಿರಿಯರು ಸಮುದ್ರದಲ್ಲಿ ವಾರಗಟ್ಟಲೆ ಹಾಯಿದೋಣಿಯಲ್ಲೇ ಓಡಾಡಿದವರು. ಹಾಯಿಯನ್ನು ಹುಲ್ಲಿನ ಮೇಲೆ ಹಾಸಿಸಿ, ಹರಿದ ಜಾಗವನ್ನು ನೋಡಲೇ ಇಲ್ಲ. ಅಂಚಿನಲ್ಲೆಲ್ಲ ಬೆರಳಾಡಿಸಿದರು. “ಹರಿದಿರೋದು ಇಲ್ಲಿ ಕಾಣ್ತಾ ಇದೆ. ಹರಿಸಿದ್ದು ಯಾವ್ದು ಅಂತ ಮೊದ್ಲು ಹುಡುಕಪ್ಪ” ಅಂದರು. ಹುಡುಕಿದರೆ ಬ್ಯಾಟನ್ ಪಟ್ಟಿಯ (ಹಾಯಿ ಬಿಗಿಯಾಗಿ ನಿಲ್ಲಲು ಹಿಂಬದಿಯ ಅಂಚಿನ ಪಾಕೆಟ್‌ಗಳಲ್ಲಿ ತೂರಿಸುವ ಉದ್ದನೆಯ ಪಟ್ಟಿ) ತುದಿ ಸೀಳಿ, ಗರಗಸದ ಹಾಗೆ ಬಟ್ಟೆಯನ್ನು ಒಳಗಿಂದ ಕೊಯ್ಯುತ್ತಿತ್ತು. ನಾನು ಹೊಲಿಸಿದ್ದೆ, ಕೊಯ್ಯುವುದನ್ನು ಹಾಗೇ ಬಿಟ್ಟಿದ್ದೆ.

ಅಲ್ಲಿಂದ ಇಲ್ಲಿಯವರೆಗೆ ನನ್ನ ಹಾಯಿ, ಗೆಳೆಯರ ಹಾಯಿ ಸೇರಿ ಸುಮಾರು ರಿಪೇರಿ ಮಾಡಿದ್ದೇವೆ. ಸಣ್ಣ ದೋಣಿಗಳ ಡೇಕ್ರಾನ್ ಹಾಯಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಡೇಕ್ರಾನ್ ಅಂದರೆ ಒತ್ತಾಗಿ ನೇಯ್ದ ಪಾಲಿಯೆಸ್ಟರ್ ಬಟ್ಟೆ. ಹೊಸದಿದ್ದಾಗ ಕೈಯಲ್ಲಿ ಹಿಡಿದರೆ ಕಾಗದದ ಹಾಗೆ ಸದ್ದು ಮಾಡುತ್ತದೆ.

ನೀರಿನ ಮೇಲಿದ್ದಾಗಲೇ ಹರಿದರೆ

ಮೊದಲು ದೋಣಿಯ ಮೂತಿಯನ್ನು ಗಾಳಿಗೆ ತಿರುಗಿಸಿ, ಹಾಯಿಯ ಮೇಲಿನ ಒತ್ತಡ ತಗ್ಗಿಸಿ. ಇಳಿಸಲು ಆಗುವ ಹಾಯಿಯಾದರೆ ತಕ್ಷಣ ಇಳಿಸಿ. ಪಟಪಟ ಬಡಿದುಕೊಳ್ಳಲು ಬಿಟ್ಟರೆ ಒಂದು ಗೇಣು ಹರಿದದ್ದು ಐದೇ ನಿಮಿಷದಲ್ಲಿ ಒಂದು ಮಾರು ಆಗುತ್ತದೆ. ಕೆಳ ಅಂಚಿನ ಹತ್ತಿರ ಸಣ್ಣದಾಗಿ ಹರಿದಿದ್ದು, ಗಾಳಿಯೂ ಕಡಿಮೆಯಿದ್ದರೆ ನಿಧಾನವಾಗಿ ದಂಡೆಗೆ ಬರಬಹುದು. ಹಿಂಬದಿಯ ಅಂಚು ತುಂಡಾಗಿದ್ದರೆ ಬೇಡ. ಇನ್ನೊಂದು ದೋಣಿಯವರನ್ನು ಕೂಗಿ, ಹಗ್ಗ ಕಟ್ಟಿಸಿಕೊಂಡು ಎಳೆಸಿಕೊಂಡು ಬನ್ನಿ.

ಹರಿದ ಜಾಗ ಕೈಗೆಟುಕುವುದಿಲ್ಲ ಅಂತ ಕಂಬ ಹತ್ತಲು ಹೋಗಬೇಡಿ. ಸಣ್ಣ ದೋಣಿ ಕ್ಷಣದಲ್ಲಿ ಮಗುಚುತ್ತದೆ. ಮಗುಚಿದರೆ ದೋಣಿಯನ್ನು ಬಿಟ್ಟು ಈಜಬೇಡಿ, ಅದನ್ನೇ ಹಿಡಿದುಕೊಂಡಿರಿ. ಲೈಫ್ ಜಾಕೆಟ್ ಮೈಮೇಲೆ ಇರಲೇಬೇಕು. ಅಣೆಕಟ್ಟೆಯ ದಿಕ್ಕಿಗೆ ಗಾಳಿ ತಳ್ಳುತ್ತಿದ್ದರಂತೂ ಹಾಯಿಯ ಚಿಂತೆ ಆಮೇಲೆ. ಮೊದಲು ಸಹಾಯಕ್ಕೆ ಕೈ ಬೀಸಿ.

ದಂಡೆಯಲ್ಲಿ ಮೊದಲ ಹತ್ತು ನಿಮಿಷ

ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಇನ್ನೊಬ್ಬರು ಜೊತೆಗಿದ್ದರೆ ಸಾಕು. ಒಬ್ಬರೇ ಓಡಿಸುವ ಸಣ್ಣ ಲೇಸರ್ ದೋಣಿಯ ಒಂದೇ ಹಾಯಿ 7.06 ಚದರ ಮೀಟರ್ ಇರುತ್ತದೆ. ಒಬ್ಬರೇ ಎಳೆದಾಡಿದರೆ ಇನ್ನಷ್ಟು ಹರಿಯುವುದೇ ಜಾಸ್ತಿ.

ಕಲ್ಲು, ಮುಳ್ಳು ಇಲ್ಲದ ಕಡೆ ಹಳೇ ಬೆಡ್‌ಶೀಟ್ ಹಾಸಿ, ಅದರ ಮೇಲೆ ಹಾಯಿ ಬಿಡಿಸಿ. ಆಮೇಲೆ ಇಬ್ಬರೂ ಎರಡು ತುದಿ ಹಿಡಿದು ಬಿಸಿಲಿಗೆ ಎತ್ತಿ. ಬೆಳಕು ಎಲ್ಲೆಲ್ಲಿ ತೂರಿ ಬರುತ್ತದೆ ನೋಡಿ. ಸೂಜಿಮೊನೆಯಷ್ಟು ತೂತೂ ಕಾಣುತ್ತದೆ. ಕಂಡಲ್ಲೆಲ್ಲ ಪೆನ್ಸಿಲ್‌ನಿಂದ ಗುರುತು ಹಾಕಿ.

ಇನ್ನು ಉಗುರಿನ ಪರೀಕ್ಷೆ. ಹೆಬ್ಬೆರಳ ಉಗುರಿನಿಂದ ಹೊಲಿಗೆಯ ಮೇಲೆ ಅಡ್ಡಡ್ಡಲಾಗಿ ಗಟ್ಟಿಯಾಗಿ ಕೆರೆಯಿರಿ. ದಾರ ಪುಡಿಪುಡಿಯಾಗಿ ಎದ್ದು ಬಂದರೆ ಆ ಸಾಲು ಪೂರ್ತಿ ಸತ್ತಿದೆ ಅಂತ ಅರ್ಥ. ಹರಿದ ಜಾಗದಿಂದ ಒಂದು ಮೊಳ ದೂರದಲ್ಲೂ ಕೆರೆದು ನೋಡಿ.

ಕೊನೆಗೆ ಬಟ್ಟೆಯ ಪರೀಕ್ಷೆ. ಹರಿದ ಅಂಚನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಇನ್ನಷ್ಟು ಹರಿಯಲು ನೋಡಿ. ಒಳ್ಳೆಯ ಡೇಕ್ರಾನ್ ಜಗ್ಗುವುದಿಲ್ಲ. ಹಳೇ ಪೇಪರ್ ಹಾಗೆ ಸುಮ್ನೆ ಬಿಟ್ಟುಕೊಂಡರೆ ಮುಂದಿನದ್ದನ್ನು ಓದುವ ಮೊದಲು ‘ಬಟ್ಟೆಯೇ ಪಿಸಿಯುತ್ತಿದೆ’ ಎಂಬ ಭಾಗಕ್ಕೆ ಹೋಗಿ.

ಬಟ್ಟೆ ಗಟ್ಟಿಯಿದೆ, ಹೊಲಿಗೆ ಬಿಟ್ಟಿದೆ

ನಾವು ಹೆಚ್ಚಾಗಿ ನೋಡುವುದು ಇದನ್ನೇ. ಇದು ಒಳ್ಳೆಯ ಸುದ್ದಿ, ಯಾಕೆಂದರೆ ಕೈಯಲ್ಲೇ ಸರಿಮಾಡಬಹುದು.

ದಾರ ಬಟ್ಟೆಗಿಂತ ಮೊದಲು ಸಾಯುತ್ತದೆ. ಬಟ್ಟೆಯಲ್ಲಿ ಎಳೆಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಹೊಲಿಗೆಯ ದಾರ ಮಾತ್ರ ಮೇಲೆ ಎದ್ದು ಕೂತಿರುತ್ತದೆ. ಬಿಸಿಲು ನೇರ ಅದಕ್ಕೇ ಬೀಳುತ್ತದೆ, ಕಂಬದ ತಂತಿಗಳಿಗೆ ಉಜ್ಜುವುದೂ ಅದೇ. ಏಪ್ರಿಲ್, ಮೇ ತಿಂಗಳಲ್ಲಿ ಹಾಯಿಯನ್ನು ಬೂಮ್ (ಹಾಯಿಯ ಕೆಳ ಅಂಚಿನ ಅಡ್ಡಕೋಲು) ಮೇಲೆ ಹಾಗೇ ಬಿಟ್ಟು ಮನೆಗೆ ಹೋಗುವವರ ಹಾಯಿಯಲ್ಲಿ ಇದು ಬೇಗ ಕಾಣಿಸುತ್ತದೆ.

ಹಳೇ ತೂತುಗಳು ಬಟ್ಟೆಯಲ್ಲಿ ಹಾಗೇ ಇರುತ್ತವೆ ಅಲ್ವಾ, ಅವನ್ನೇ ಬಳಸಿ. ಹೊಸ ತೂತು ಮಾಡಿದಷ್ಟೂ ಬಟ್ಟೆ ಸೋಲುತ್ತದೆ. ಎರಡು ಪದರವನ್ನು ತೂತಿಗೆ ತೂತು ಸರಿಯಾಗಿ ಕೂಡಿಸಿ, ನಡುವೆ ಎರಡೂ ಕಡೆ ಅಂಟುವ ತೆಳು ಟೇಪು ಇಟ್ಟು ಒತ್ತಿ. ಇದನ್ನು ಮಾಡದಿದ್ದರೆ ಹೊಲಿಯುತ್ತಾ ಹೋದ ಹಾಗೆ ಒಂದು ಪದರ ಜರುಗಿ, ಕೊನೆಯಲ್ಲಿ ಸುಕ್ಕು ಬೀಳುತ್ತದೆ.

ದಾರ ಪಾಲಿಯೆಸ್ಟರ್ ಆಗಿರಲಿ. ಹತ್ತಿ ದಾರ ನೆನೆದು ಕೊಳೆಯುತ್ತದೆ. ಬ್ಯಾಗ್ ಹೊಲಿಯುವವರ ನೈಲಾನ್ ದಾರ ಗಟ್ಟಿಯೇನೋ ಹೌದು, ಆದರೆ ಹಿಗ್ಗುತ್ತದೆ, ಬಿಸಿಲಿಗೆ ಬೇಗ ಸೋಲುತ್ತದೆ. ದಾರಕ್ಕೆ ಜೇನುಮೇಣ ಸವರಿಕೊಳ್ಳಿ. ಮೇಣದ ಗಟ್ಟಿಯ ಮೇಲೆ ದಾರ ಇಟ್ಟು, ಹೆಬ್ಬೆರಳಿಂದ ಒತ್ತಿ ಎರಡು ಸಲ ಎಳೆದರೆ ಸಾಕು. ದಾರ ಗಂಟಾಗುವುದಿಲ್ಲ, ತೂತಿನಲ್ಲಿ ಬಿಗಿಯಾಗಿ ಕೂರುತ್ತದೆ.

ಸೂಜಿಯ ವಿಷಯದಲ್ಲಿ ಒಂದು ಮಾತು. ಮನೆಯಲ್ಲಿ ಗೋಣಿಚೀಲ ಹೊಲಿಯುವ ದಬ್ಬಣ ಇದೆ ಅಂತ ಅದನ್ನು ತರಬೇಡಿ. ಅದು ಮಾಡುವ ತೂತಿನಿಂದಲೇ ಮುಂದಿನ ಸಲ ಹರಿಯಲು ಶುರುವಾಗುತ್ತದೆ. ದಾರ ತೂರುವಷ್ಟು ಸಣ್ಣದೇ ಬೇಕು.

ಹೊಲಿಗೆ ಅಂಕುಡೊಂಕಾಗಿ, ಜಿಗ್‌ಜಾಗ್ ಆಗಿ ಹೋಗಬೇಕು. ಗಾಳಿ ತುಂಬಿದಾಗ ಬಟ್ಟೆ ಸ್ವಲ್ಪ ಎಳೆಯುತ್ತದೆ. ಜಿಗ್‌ಜಾಗ್ ಅದಕ್ಕೆ ತಕ್ಕ ಹಾಗೆ ಬಗ್ಗುತ್ತದೆ, ನೇರ ಹೊಲಿಗೆ ಪಟ್ ಅಂತ ಕಡಿಯುತ್ತದೆ. ಒಂದು ಸಲ ತೂತು ಬಿಟ್ಟು ತೂತು ಹೋಗಿ, ಅದೇ ದಾರಿಯಲ್ಲಿ ವಾಪಸ್ ಬನ್ನಿ. ಹೋಗುವಾಗ ಬಿಟ್ಟ ಜಾಗ ಬರುವಾಗ ತುಂಬುತ್ತದೆ. ಬಿಟ್ಟ ಭಾಗದ ಎರಡೂ ಕಡೆ ಒಂದೊಂದು ಗೇಣು ಗಟ್ಟಿ ಹೊಲಿಗೆಯ ಮೇಲೂ ಹಾಯಿಸಿ.

ಇಲ್ಲೇ ಜೊತೆಯವರು ಬೇಕಾಗುವುದು. ಒಬ್ಬರು ಮೇಲಿಂದ ಸೂಜಿ ಚುಚ್ಚಿ, ಇನ್ನೊಬ್ಬರು ಕೆಳಗಿಂದ ಎಳೆದು ವಾಪಸ್ ಚುಚ್ಚಿದರೆ ಅರ್ಧ ಗಂಟೆಯಲ್ಲಿ ಎರಡು ಅಡಿ ಮುಗಿಯುತ್ತದೆ. ನಾನು ಕಲಿತದ್ದೂ ಹಾಗೇ. ಆ ಹಿರಿಯರು ಅಂಗೈಗೆ ಚರ್ಮದ ಪಟ್ಟಿ ಕಟ್ಟಿಕೊಳ್ಳುತ್ತಿದ್ದರು. ಅದರ ನಡುವೆ ಗುಳಿಗುಳಿಯಿದ್ದ ಒಂದು ಲೋಹದ ಬಿಲ್ಲೆ. ಸೂಜಿಯ ಹಿಂಬದಿಯನ್ನು ಆ ಬಿಲ್ಲೆಗೆ ಆನಿಸಿ ಒತ್ತಿದರೆ ನಾಲ್ಕು ಪದರವೂ ದಾಟುತ್ತಿತ್ತು. ನನಗೆ ಅದು ಇರಲಿಲ್ಲ. ಅಂಗೈಗೇ ಸೂಜಿ ಹೊಕ್ಕಿತು. ಹಾಗಾದರೆ ಗಾಯ ತೊಳೆದು, ಟಿಟಿ ಇಂಜೆಕ್ಷನ್ ತೆಗೆದುಕೊಂಡು ಎಷ್ಟು ದಿನವಾಯಿತು ಅಂತ ಡಾಕ್ಟರ್ ಹತ್ತಿರ ಹೇಳಿ.

ಸಣ್ಣ ತೂತು, ಅಥವಾ ಮೂಲೆಯ ಹಾಗೆ ಹರಿದಿದೆ

ಎರಡು ಗೆರೆ ಸೇರಿ ಮೂಲೆಯಾದ ಹಾಗೆ ಹರಿದಿದ್ದರೆ ಯಾವುದೋ ಚೂಪಾದದ್ದು ಸಿಕ್ಕಿಹಾಕಿಕೊಂಡು ಎಳೆದಿದೆ. ನಮ್ಮ ಕಡೆ ಹೆಚ್ಚಾಗಿ ಅದು ಜಾಲಿಮುಳ್ಳು. ಕೆಆರ್‌ಎಸ್ ತುಂಬಿದಾಗ ಮಟ್ಟ 124.80 ಅಡಿ. ಆಗ ದಂಡೆಯ ಹುಲ್ಲಿನವರೆಗೂ ನೀರು. ಬೇಸಿಗೆಯಲ್ಲಿ ನೀರು ಹಿಂದೆ ಸರಿದರೆ ಒಣಗಿದ ಕೆಸರು, ಕೊರಡು, ಕಲ್ಲು, ಮುಳ್ಳು ಎಲ್ಲಾ ಬಯಲಾಗುತ್ತದೆ. ಹಾಯಿಯನ್ನು ಅದರ ಮೇಲೆ ಎಳೆದುಕೊಂಡು ಹೋಗುವವರನ್ನು ಈಗಲೂ ನೋಡುತ್ತೇನೆ. ದಯವಿಟ್ಟು ಇಬ್ಬರು ಸೇರಿ ಎತ್ತಿಕೊಂಡು ಹೋಗಿ.

ಎರಡು ಇಂಚಿಗಿಂತ ಕಡಿಮೆಯಿದ್ದರೆ ಹಾಯಿಗೆಂದೇ ಸಿಗುವ, ಒಂದು ಕಡೆ ಅಂಟಿರುವ ಡೇಕ್ರಾನ್ ಟೇಪು ಸಾಕು. ಅಂಟು ಹಿಡಿಯುವುದು ಬಿಡುವುದು ಪೂರ್ತಿ ಬಟ್ಟೆಯ ಶುದ್ಧಿಯ ಮೇಲೆ ನಿಂತಿದೆ. ಸಿಹಿನೀರಲ್ಲಿ ತೊಳೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಐಸೊಪ್ರೊಪೈಲ್ ಸ್ಪಿರಿಟ್ ಹಚ್ಚಿದ ಬಟ್ಟೆಯಲ್ಲಿ ಒರೆಸಿ. ಸ್ಪಿರಿಟ್ ಹತ್ತಿರ ಬೀಡಿ, ಸಿಗರೇಟು, ಒಲೆ ಯಾವುದೂ ಬೇಡ. ಹರಿದ ಅಂಚುಗಳನ್ನು ಒಂದಕ್ಕೊಂದು ತಾಗಿಸಿ, ಒಂದರ ಮೇಲೊಂದು ಬರದ ಹಾಗೆ ಮಟ್ಟಸವಾಗಿ ಕೂರಿಸಿ. ತೇಪೆ ಎಲ್ಲ ಕಡೆಯೂ ಎರಡು ಇಂಚು ಆಚೆಗೆ ಹೋಗಲಿ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ. ಚೌಕ ಮೂಲೆ ಬಿಟ್ಟರೆ ಮೊದಲು ಏಳುವುದು ಅದೇ. ಒಂದು ಬದಿಗೆ ಅಂಟಿಸಿ, ಚಮಚದ ಬೆನ್ನಿನಿಂದ ಉಜ್ಜಿ, ತಿರುಗಿಸಿ ಇನ್ನೊಂದು ಬದಿಗೂ ಅಂಟಿಸಿ.

ತೇಪೆ ಎಷ್ಟು ದೊಡ್ಡದಿರಬೇಕು ಅಂತ ನಾನು ಸರಿಯಾಗಿ ಕಲಿತದ್ದು ತೆಪ್ಪದಲ್ಲಿ ಮೀನು ಹಿಡಿಯುವ ಒಬ್ಬ ಅಣ್ಣನಿಂದ. ಪಕ್ಕದಲ್ಲೇ ಕೂತು ಬಲೆ ಸರಿಮಾಡುತ್ತಿದ್ದ. ಹರಿದ ಬಲೆಯ ಸುತ್ತಲಿನ ಕಣ್ಣುಗಳನ್ನು ಇನ್ನಷ್ಟು ಕತ್ತರಿಸುತ್ತಿದ್ದ. ಯಾಕೆ ಅಂತ ಕೇಳಿದೆ. “ಗಟ್ಟಿ ಕಣ್ಣು ಸಿಗೋಗಂಟ ಬಿಚ್ಚಬೇಕು ಕಣಣ್ಣ. ಅರ್ಧ ಸತ್ತಿರೋದ್ಕೆ ಹೆಣೆದ್ರೆ ನಾಳೆ ಅಲ್ಲೇ ಕಿತ್ಕೊಂಡೋಯ್ತದೆ” ಅಂದ. ಹಾಯಿಗೂ ಅಷ್ಟೇ. ಹರಿದ ಬಾಯಿಯ ಸುತ್ತ ಎಳೆ ಜಗ್ಗಿ ಸಡಿಲವಾಗಿರುತ್ತದೆ. ಬೆರಳಿಗೆ ಬಟ್ಟೆ ಮತ್ತೆ ಗಟ್ಟಿ ಅನ್ನಿಸುವ ಜಾಗದವರೆಗೆ ತೇಪೆ ಹೋಗಬೇಕು.

ಎರಡು ಇಂಚಿಗಿಂತ ದೊಡ್ಡದಾದರೆ ತೇಪೆಯ ಅಂಚಿನ ಸುತ್ತ ಜಿಗ್‌ಜಾಗ್ ಹೊಲಿಗೆಯೂ ಬೇಕು. ಕತ್ತರಿಸಿದ ಅಂಚಿನ ಎಳೆ ಬಿಚ್ಚದಿರಲು ಸಾಲ್ಡರಿಂಗ್ ಐರನ್ ತುದಿಯನ್ನು ಮೆಲ್ಲಗೆ ತಾಗಿಸಬಹುದು. ಕಿಟಕಿ ತೆರೆದಿಟ್ಟು ಮಾಡಿ, ಆ ಹೊಗೆ ಒಳ್ಳೆಯದಲ್ಲ. ಪೈಪ್ ಸುತ್ತುವ ಬೂದು ಬಣ್ಣದ ಡಕ್ಟ್ ಟೇಪು ಅವತ್ತು ದಂಡೆ ಸೇರುವ ಮಟ್ಟಿಗೆ ಮಾತ್ರ. ಬಿಸಿಲಿಗೆ ಅದರ ಅಂಟು ಕರಗಿ ಬಟ್ಟೆಗೆ ಮೆತ್ತಿಕೊಂಡರೆ ಆಮೇಲೆ ಒಳ್ಳೆಯ ಟೇಪೂ ಹಿಡಿಯುವುದಿಲ್ಲ.

ಹಿಂಬದಿಯ ಅಂಚಿನಿಂದ ಒಳಕ್ಕೆ ಹರಿದಿದೆ

ನನಗೆ ಆದದ್ದು ಇದೇ. ಕಾರಣ ಮೂರರಲ್ಲಿ ಒಂದಾಗಿರುತ್ತದೆ.

ಮೊದಲು ಬ್ಯಾಟನ್ ಪಟ್ಟಿಗಳನ್ನು ಹೊರಗೆಳೆದು, ತುದಿಯ ಮೇಲೆ ಒಂದು ಹಳೇ ಕಾಲುಚೀಲ ಹಾಯಿಸಿ. ಎಳೆ ಸಿಕ್ಕಿಕೊಂಡರೆ ಅದೇ ಕಳ್ಳ. ಫೈಬರ್ ಪಟ್ಟಿ ಸೀಳಿದ್ದರೆ ಬರಿಗೈಯಲ್ಲಿ ಸವರಬೇಡಿ, ಕಣ್ಣಿಗೆ ಕಾಣದ ಸಿಬಿರು ಚರ್ಮಕ್ಕೆ ಹೊಕ್ಕು ದಿನಗಟ್ಟಲೆ ಚುಚ್ಚುತ್ತದೆ. ಒದ್ದೆ ಮಾಡಿ ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ತುದಿಗೆ ಟೇಪು ಸುತ್ತಿ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆಮೇಲೆ ಪಾಕೆಟ್‌ನ ಒಳತುದಿ ನೋಡಿ. ಪಟ್ಟಿ ಅಲ್ಲಿ ಬಡಿದು ಬಡಿದು ಬಟ್ಟೆ ತೆಳುವಾಗಿರುತ್ತದೆ. ಅಲ್ಲಿಗೆ ಎರಡು ಪದರ ತೇಪೆ ಹಾಕಿ.

ಪಟ್ಟಿ ನುಣ್ಣಗಿದ್ದರೆ ಹಾಯಿ ಎಲ್ಲಿಗೆ ಉಜ್ಜುತ್ತದೆ ನೋಡಿ. ಕಂಬವನ್ನು ಹಿಡಿದಿರುವ ತಂತಿ, ಅದರ ತುದಿಯ ಪಿನ್ನು, ಬಿಟ್ಟುಹೋದ ಟೇಪು. ಹಾಯಿಯ ಮೇಲೆ ಬೂದುಗೆರೆ ಬಿದ್ದಿದ್ದರೆ ಅದು ತಂತಿಯ ಗುರುತು.

ಎರಡೂ ಇಲ್ಲದಿದ್ದರೆ ಅಂಚು ನಡುಗಿ ನಡುಗಿ ಸೋತಿದೆ. ದಂಡೆಯಲ್ಲಿ ಟೀ ಕುಡಿಯುವಾಗ ಹಾಯಿಯನ್ನು ಗಂಟೆಗಟ್ಟಲೆ ಗಾಳಿಗೆ ಬಡಿಯಲು ಬಿಡುವುದರಿಂದ ಆಗುವ ಹಾನಿ ದೋಣಿ ಓಡಿಸುವಾಗಿನ ಹಾನಿಗಿಂತ ಜಾಸ್ತಿ ಅಂತ ನನ್ನ ಅನುಭವ.

ಹರಿದದ್ದು ಅಂಚನ್ನೇ ತುಂಡು ಮಾಡಿದ್ದರೆ ಟೇಪು ಸಾಲದು. ತೇಪೆಯನ್ನು ಅಂಚಿನ ಸುತ್ತ ಮಡಚಿ, ಎರಡೂ ಬದಿಗೆ ಸೇರಿಸಿ ಹೊಲಿಯಬೇಕು. ಒಂದು ಅಡಿಗಿಂತ ಜಾಸ್ತಿ ಹರಿದಿದ್ದರೆ ಹಾಯಿ ಹೊಲಿಯುವುದನ್ನೇ ಕಸುಬು ಮಾಡಿಕೊಂಡವರಿಗೆ ಕಳಿಸಿ. ಮೈಸೂರಿನಲ್ಲಿ ನನಗೆ ಅಂಥವರು ಸಿಕ್ಕಿಲ್ಲ. ನಮ್ಮವರು ಚೆನ್ನೈಗೋ ಮುಂಬೈಗೋ ಕಳಿಸುತ್ತಾರೆ. ನಾಲ್ಕೈದು ದೋಣಿಯವರು ಸೇರಿ ಒಟ್ಟಿಗೆ ಕಳಿಸಿದರೆ ಸಾಗಾಟದ ಖರ್ಚು ಹಂಚಿಹೋಗುತ್ತದೆ.

ಕಂಬದ ಕಡೆ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಸವೆಯುತ್ತಿದೆ

ಹಾಯಿ ಬಿಡಿ, ಕಂಬ ನೋಡಿ. ಮೇಲಿಂದ ಕೆಳಗೆ ಹತ್ತಿಯ ಉಂಡೆ ಉಜ್ಜಿ. ಎದ್ದ ರಿವೆಟ್, ಅಲ್ಯೂಮಿನಿಯಂ ಸಿಬಿರು ಇದ್ದರೆ ಹತ್ತಿ ಅಲ್ಲೇ ನಿಲ್ಲುತ್ತದೆ. ಅರ ಹಾಕಿ ಉಜ್ಜಿದರೆ ಮುಗಿಯಿತು. ಕಂಬದಲ್ಲೇ ಬಿರುಕು ಕಂಡರೆ ಅವತ್ತು ನೀರಿಗಿಳಿಯಬೇಡಿ.

ಕಂಬವನ್ನು ಎತ್ತುವಾಗ, ನಿಲ್ಲಿಸಿದ ಕಂಬದ ಸಮೇತ ದೋಣಿ ತಳ್ಳುವಾಗ ತಲೆಯ ಮೇಲೆ ಕರೆಂಟ್ ತಂತಿ ಇದೆಯಾ ನೋಡಿ. ಹೊಲದ ಅಂಚಿನ ತಂತಿಗಳು ಕೆಲವು ಕಡೆ ತುಂಬಾ ತಗ್ಗಿನಲ್ಲಿ ಹೋಗುತ್ತವೆ. ಅಲ್ಯೂಮಿನಿಯಂ ಕಂಬ ತಾಗಿದರೆ ಪ್ರಾಣವೇ ಹೋಗುತ್ತದೆ.

ಮೂಲೆಯ ಉಂಗುರ ಕಿತ್ತು ಬಂದಿದೆ

ಹಾಯಿಯ ಎಲ್ಲಾ ಎಳೆತ ಬಂದು ಸೇರುವುದು ಮೂಲೆಗಳಲ್ಲಿ. ಅದಕ್ಕೇ ಅಲ್ಲಿ ಪದರದ ಮೇಲೆ ಪದರ ಇರುತ್ತದೆ. ಬ್ಯಾನರ್ ಅಂಗಡಿಯವರು ಸುತ್ತಿಗೆಯಲ್ಲಿ ಹೊಡೆಯುವ ಹಿತ್ತಾಳೆ ಐಲೆಟ್ ಟಾರ್ಪಾಲಿಗೆ ಸರಿ, ಇಲ್ಲಿಗೆ ಸಾಲದು. ಅವತ್ತಿನ ಮಟ್ಟಿಗೆ ಬ್ಯಾಗಿನ ಪಟ್ಟಿಯಂಥ ಗಟ್ಟಿ ಪಾಲಿಯೆಸ್ಟರ್ ಪಟ್ಟಿಯನ್ನು ಸ್ಟೀಲ್ ಉಂಗುರದಲ್ಲಿ ತೂರಿಸಿ, ಹಾಯಿಯ ಎರಡೂ ಬದಿಗೆ ಒಂದು ಗೇಣು ಇಳಿಸಿ, ಕೈಯಲ್ಲಿ ಒತ್ತಾಗಿ ಹೊಲಿಯಬಹುದು. ಶಾಶ್ವತ ರಿಪೇರಿ ಕಸುಬುದಾರರದ್ದೇ ಕೆಲಸ.

ಬಟ್ಟೆಯೇ ಪಿಸಿಯುತ್ತಿದೆ

ಪೆನ್ಸಿಲ್ ಮೊನೆ ಒತ್ತಿದರೆ ತೂರಿ ಹೋಗುತ್ತದಾ? ಬೆರಳಲ್ಲೇ ಹರಿಯುತ್ತದಾ? ಹಾಗಿದ್ದರೆ ನಿಲ್ಲಿಸಿ. ಬಿಸಿಲು ಬಟ್ಟೆಯನ್ನು ತಿಂದು ಮುಗಿಸಿದೆ. ಗಟ್ಟಿ ತೇಪೆ ಹಾಕಿದಷ್ಟೂ ತೇಪೆಯ ಅಂಚಿನಲ್ಲೇ ಹರಿಯುತ್ತದೆ. ಈ ಹಾಯಿಗೆ ದುಡ್ಡು ಹಾಕಬೇಡಿ, ಇದನ್ನು ನಂಬಿ ನೀರಿಗೂ ಇಳಿಯಬೇಡಿ. ಮೂಲೆಯ ಉಂಗುರ, ಬ್ಯಾಟನ್ ಪಟ್ಟಿ ಬಿಚ್ಚಿ ಜೊತೆಯವರಿಗೆ ಕೊಡಿ. ಮೂಲೆಯ ಹತ್ತಿರ ಇನ್ನೂ ಗಟ್ಟಿಯಿರುವ ಬಟ್ಟೆ ಚೀಲಕ್ಕೆ ಆಗುತ್ತದೆ.

ಪ್ಲಾಸ್ಟಿಕ್ ಹಾಳೆಯಂತೆ ಮಿರುಗುವ ಮೈಲಾರ್ ಹಾಯಿಯಲ್ಲಿ ಪದರ ಪದರವಾಗಿ ಬಿಡುತ್ತಿದ್ದರೂ ಅಷ್ಟೇ. ಮೈಲಾರ್ ಇನ್ನೂ ಗಟ್ಟಿಯಿದ್ದು ಸಣ್ಣದಾಗಿ ಹರಿದಿದ್ದರೂ ಹೊಲಿಗೆ ಬೇಡ, ಪ್ರತಿ ತೂತೂ ಹರಿಯುವ ದಾರಿಯಾಗುತ್ತದೆ. ಟೇಪು ಮಾತ್ರ ಹಾಕಿ.

ಕಪ್ಪು ಚುಕ್ಕೆ ಬಿದ್ದಿದೆ

ಒದ್ದೆ ಹಾಯಿಯನ್ನು ಮಡಚಿಟ್ಟರೆ ಬರುವ ಬೂಷ್ಟು. ನೋಡಲು ಬೇಸರ, ಆದರೆ ಪಾಲಿಯೆಸ್ಟರ್ ಸೋಲುವುದಿಲ್ಲ. ಮೆದು ಸೋಪು, ಮೆದು ಬ್ರಷ್ ಸಾಕು. ತೀರಾ ಬೇಕಾದರೆ ಚೆನ್ನಾಗಿ ತೆಳು ಮಾಡಿದ ಬ್ಲೀಚ್ ಹಚ್ಚಿ ಬೇಗ ತೊಳೆಯಿರಿ. ನೈಲಾನ್ ಹಾಯಿಗೆ ಬ್ಲೀಚ್ ಬೇಡವೇ ಬೇಡ. ಬ್ಲೀಚ್ ಜೊತೆ ಟಾಯ್ಲೆಟ್ ತೊಳೆಯುವ ಆ್ಯಸಿಡ್ ಸೇರಿಸಬೇಡಿ, ವಿಷಗಾಳಿ ಏಳುತ್ತದೆ. ವಾಷಿಂಗ್ ಮಷಿನ್, ಇಸ್ತ್ರಿ ಎರಡೂ ಬೇಡ.

ಮಷಿನ್ ಹೊಲಿಗೆ ಬೇಕಾದರೆ ಯಾರ ಹತ್ತಿರ ಹೋಗುವುದು

ಅಂಗಿ ಹೊಲಿಯುವವರ ಹತ್ತಿರ ನೇರ ಹೊಲಿಗೆ ಮಷಿನ್ ಇರುತ್ತದೆ. ನಮಗೆ ಬೇಕಾದ ಜಿಗ್‌ಜಾಗ್ ಮಷಿನ್ ಸೀರೆಗೆ ಫಾಲ್, ಪೀಕೋ ಹಾಕುವವರ ಹತ್ತಿರ ಇದೆ. ಮೈಸೂರಿರಲಿ, ಮಂಡ್ಯವಿರಲಿ, ಬೀದಿಗೊಂದು ಪೀಕೋ ಅಂಗಡಿ. ನಾನು ಹೋಗುವ ಅಂಗಡಿಯ ಅಕ್ಕ ಮೊದಲ ಸಲ ಹಾಯಿ ಮುಟ್ಟಿ, “ಏನ್ ತಮ್ಮಾ ಇದು, ಶಾಮಿಯಾನನಾ?” ಅಂತ ಕೇಳಿದ್ದರು. ಈಗ ಅವರಿಗೆ ಇದು ಗೊತ್ತಿರುವ ಕೆಲಸ.

ಅವರಿಗೆ ಹೇಳಬೇಕಾದದ್ದು ಇಷ್ಟು. ಸೂಜಿ 16ನೇ ನಂಬರ್, ದಪ್ಪವಿದ್ದರೆ 18. ದಾರ ನೀವೇ ಕೊಡಿ. ಹೊಲಿಗೆ ಉದ್ದವಾಗಿ, ಅಗಲವಾಗಿ, ನಾಲ್ಕೈದು ಮಿಲಿಮೀಟರ್ ಇರಲಿ. ಪೀಕೋ ಹಾಕುವ ಒತ್ತು ಹೊಲಿಗೆ ಬೇಡ, ಒತ್ತಾಗಿ ಹೊಲಿದದ್ದಕ್ಕೇ ನನ್ನ ಹಾಯಿ ಅಂಚೆಚೀಟಿ ಆದದ್ದು. ಮೊದಲು ಒಂದು ತುಂಡು ಬಟ್ಟೆಯಲ್ಲಿ ಹೊಲಿದು ನೋಡಿಸಿ. ನೀವು ಎದುರಿಗೆ ನಿಂತು ಹಾಯಿಯ ಭಾರ ಹಿಡಿದುಕೊಳ್ಳಿ, ಇಲ್ಲದಿದ್ದರೆ ಬಟ್ಟೆ ಜಗ್ಗಿ ಸೂಜಿ ಮುರಿಯುತ್ತದೆ. ಸೂಜಿ ತುಂಡು ಹಾರಿ ಕಣ್ಣಿಗೆ ಬೀಳಬಹುದು, ಹಾಗಾಗಿ ಮುಖ ತೀರಾ ಹತ್ತಿರ ತರಬೇಡಿ. ಎರಡು ಮೂರು ಪದರದವರೆಗೆ ಆ ಮಷಿನ್ ತಡೆಯುತ್ತದೆ. ಮೂಲೆಯ ದಪ್ಪ ಜಾಗಕ್ಕೆ ಒತ್ತಾಯ ಮಾಡಬೇಡಿ.

ರಿಪೇರಿ ಆದ ಮೇಲೆ

ಟೇಪಿನ ಅಂಟು ಹಿಡಿಯಲು ಒಂದು ರಾತ್ರಿ ಬಿಡಿ. ಮೊದಲ ಸಲ ಬೆಳಗಿನ ಮೆಲುಗಾಳಿಯಲ್ಲೇ ಇಳಿಯಿರಿ. ಗಾಳಿಯ ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ಜುಲೈ ಮಧ್ಯಾಹ್ನದ ಗಾಳಿಗೆ ಹೊಸ ತೇಪೆ ತೋರಿಸಬೇಡಿ. ಅರ್ಧ ಗಂಟೆಯಾದ ಮೇಲೆ ದಂಡೆಗೆ ಬಂದು ತೇಪೆಯ ಅಂಚು ಎದ್ದಿದೆಯಾ, ಸೂಜಿಯ ತೂತುಗಳು ಉದ್ದವಾಗಿ ಎಳೆದಿವೆಯಾ ನೋಡಿ. ತೂತು ದುಂಡಗೇ ಇದ್ದರೆ ಹೊಲಿಗೆ ಭಾರ ಹೊರುತ್ತಿದೆ. ಉದ್ದವಾಗಿದ್ದರೆ ತೇಪೆ ಚಿಕ್ಕದಾಯಿತು. ಬಿಚ್ಚಿ, ಇನ್ನೂ ಒಂದು ಇಂಚು ಆಚೆಗೆ ಹೋಗಿ ಹೊಲಿಯಿರಿ.